ಊರಿನ ಕಹಳೆ ಹುಡುಕಲು ಹೋಗಿ: ಮಗಳ ಡ್ರಮ್ ಕೋರ್ ಸೇರ್ಪಡೆಯ ಒಂದು ವರ್ಷ

2025ರ ಆಗಸ್ಟ್ ತಿಂಗಳ ಎರಡನೆಯ ಶನಿವಾರ ರಾತ್ರಿ, ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಕ್ರೀಡಾಂಗಣದ ಹಿಂಬದಿಯಲ್ಲಿ, ಬಿಸಿಲಿಗೆ ಕಪ್ಪಾಗಿ ನಾಲ್ಕು ಕೆ.ಜಿ. ಇಳಿದಿದ್ದ ಮಗಳನ್ನೂ ಅವಳ ಎರಡು ಚೀಲಗಳನ್ನೂ ಕಾರಿಗೆ ಹಾಕಿಕೊಂಡು ನಾವು ನ್ಯೂಜೆರ್ಸಿಯ ದಾರಿ ಹಿಡಿದೆವು. ಹನ್ನೊಂದು ಗಂಟೆಯ ಆ ಪ್ರಯಾಣದಲ್ಲಿ ಅವಳು ಹತ್ತು ಗಂಟೆ ನಿದ್ದೆ ಮಾಡಿದಳು. ಅವಳನ್ನು ಡ್ರಮ್ ಕೋರ್‌ಗೆ ಸೇರಿಸುವ ಕೆಲಸ ಮೊದಲಿಂದ ಕೊನೆಯವರೆಗೆ ನಮ್ಮ ಮನೆಯ ಒಂದು ವರ್ಷವನ್ನು ನುಂಗಿಹಾಕಿತ್ತು. ಪರಿಚಯದ ಎರಡು ಕನ್ನಡ ಕುಟುಂಬಗಳು ತಮ್ಮ ಮಕ್ಕಳಿಗಾಗಿ ವಿಚಾರಿಸುತ್ತಿರುವುದರಿಂದ, ಕಾಗದಪತ್ರ, ಖರ್ಚು, ಕಾಯುವಿಕೆ ಎಲ್ಲವನ್ನೂ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಜೊತೆಗೆ ವರ್ಷವಿಡೀ ನನ್ನನ್ನು ಕಾಡಿದ ಒಂದು ಪ್ರಶ್ನೆಯನ್ನೂ ಬಿಡಲಾರೆ: ಒಂದು ಕಾಲಕ್ಕೆ ನಮ್ಮ ಸುತ್ತಮುತ್ತ ಊರೂರಿನಲ್ಲಿ ಇದ್ದ ಈ ಮಕ್ಕಳ ತಂಡಗಳು ಈಗ ವಿಮಾನ ಹತ್ತಿ ಹೋಗಬೇಕಾದಷ್ಟು ದೂರ ಸರಿದದ್ದು ಹೇಗೆ?

ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಂಗ್ಲಿಷಿನಲ್ಲಿ corps ಎಂದು ಬರೆಯುವಾಗ ಕೊನೆಯಲ್ಲಿ ಎರಡು ಅಕ್ಷರ ಹೆಚ್ಚಿಗೆ ಇದ್ದರೂ ಇದನ್ನು ‘ಕೋರ್’ ಎಂದೇ ಉಚ್ಚರಿಸಬೇಕು. ನಾನು ಮೊದಲ ತಿಂಗಳು ‘ಕಾರ್ಪ್ಸ್’ ಎಂದು ಹೇಳಿ ಮಗಳಿಂದ ನಗೆಪಾಟಲಿಗೀಡಾದೆ. ಹಿತ್ತಾಳೆಯ ಊದುವಾದ್ಯಗಳು, ಡ್ರಮ್‌ಗಳು, ಬಾವುಟ ಬೀಸುವ ತಂಡ, ಇವು ಇದರ ಮುಖ್ಯ ಅಂಗಗಳು. ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಿಗೆ ಜಾಗವಿಲ್ಲ. ಫುಟ್‌ಬಾಲ್ ಮೈದಾನದ ಮೇಲೆ ಓಡುತ್ತಾ, ಆಕಾರ ಬದಲಿಸುತ್ತಾ ಹನ್ನೊಂದು ಹನ್ನೆರಡು ನಿಮಿಷ ನುಡಿಸುತ್ತಾರೆ. ಮಕ್ಕಳ ವಿಭಾಗದಲ್ಲಿ ಇಪ್ಪತ್ತೊಂದರ ನಂತರ ಅವಕಾಶವಿಲ್ಲ.

2024ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಆಲನ್‌ಟೌನ್‌ನಲ್ಲಿ ಸ್ಪರ್ಧೆ ನೋಡಿ ಬಂದ ಮಗಳು, ತಾನೂ ಇದಕ್ಕೆ ಸೇರಬೇಕು ಎಂದಾಗ ನನಗೆ ಯಾವ ಆತಂಕವೂ ಆಗಲಿಲ್ಲ. ನಾವಿರುವುದು ಉತ್ತರ ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ. ಪಕ್ಕದ ಗಾರ್‌ಫೀಲ್ಡ್‌ನ ಚರ್ಚಿನಲ್ಲಿ 1934ರಲ್ಲಿ ಹುಟ್ಟಿದ ಹೋಲಿ ನೇಮ್ ಕೆಡೆಟ್ಸ್, ಬಯೋನ್‌ನ ಸೇಂಟ್ ವಿನ್ಸೆಂಟ್ಸ್ ಕೆಡೆಟ್ಸ್, ನೆವಾರ್ಕ್‌ನ ಬ್ಲೆಸೆಡ್ ಸ್ಯಾಕ್ರಮೆಂಟ್ ಚರ್ಚಿನ ಗೋಲ್ಡನ್ ನೈಟ್ಸ್ ಎಲ್ಲವೂ ಈ ಸೀಮೆಯವೇ. ಇಷ್ಟು ದೊಡ್ಡ ವಂಶದಲ್ಲಿ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರ ಒಂದಾದರೂ ಉಳಿದಿರಬೇಕೆಂದು ನಾನು ಎಣಿಸಿದ್ದೆ. ಹಾಸನ ಜಿಲ್ಲೆಯ ನಮ್ಮ ಶಾಲೆಯಲ್ಲಿ ಸೇವಾದಳದ ಮೇಷ್ಟ್ರು ಒಂದು ನುಗ್ಗಾದ ಬ್ಯೂಗಲ್ ಮತ್ತು ಎರಡು ಡ್ರಮ್ ಇಟ್ಟುಕೊಂಡು ಆಗಸ್ಟ್ 15ರ ಪಥಸಂಚಲನವನ್ನು ನಡೆಸಿಬಿಡುತ್ತಿದ್ದರು. ಅಷ್ಟು ಸರಳವಾದದ್ದು ಅಮೆರಿಕದಲ್ಲಿ ಇಲ್ಲದಿರಲು ಸಾಧ್ಯವೇ ಎಂಬುದು ನನ್ನ ತರ್ಕ.

ಆದರೆ ಒಂದೂ ಉಳಿದಿರಲಿಲ್ಲ. ಗಾರ್‌ಫೀಲ್ಡ್‌ನ ತಂಡ ಊರು ಬಿಟ್ಟು, ಪೆನ್ಸಿಲ್ವೇನಿಯಾ ಸೇರಿ, ದೇಶದ ಅತಿ ಹೆಸರಾಂತ ತಂಡಗಳಲ್ಲಿ ಒಂದಾಗಿ ಬೆಳೆದು, 1980ರ ದಶಕದ ಲೈಂಗಿಕ ದೌರ್ಜನ್ಯದ ಆರೋಪದ ಸಿವಿಲ್ ಮೊಕದ್ದಮೆಯ ಹಣಕಾಸಿನ ಹೊರೆ ಹೊರಲಾರದೆ 2024ರ ಜನವರಿಯಲ್ಲಿ ಬಾಗಿಲು ಹಾಕಿತ್ತು. ಉಳಿದವು ದಶಕಗಳ ಹಿಂದೆಯೇ ಹೋಗಿದ್ದವು. ಹತ್ತಿರದಲ್ಲಿ ಇನ್ನೂ ಬದುಕಿರುವುದು ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಶಾಖೆಯೊಂದು 1946ರಲ್ಲಿ ಕಟ್ಟಿದ ಹಾಥಾರ್ನ್ ಕ್ಯಾಬಲೆರೋಸ್; ಅದು ಎಲ್ಲ ವಯಸ್ಸಿನವರ ತಂಡ, ವಾರಾಂತ್ಯದ ತಾಲೀಮು. ಮುಂದೆ ಬರುವ ತಂದೆತಾಯಿಗಳಿಗೆ ನನ್ನ ಮೊದಲ ಸಲಹೆ ಇದೇ: ಮಗುವಿಗೆ ಬೇಕಾದದ್ದು ನುಡಿಸುವ ಸಂತೋಷವಾದರೆ, ಇಂಥ ಎಲ್ಲ ವಯಸ್ಸಿನವರ ತಂಡವನ್ನೋ ಪ್ರವಾಸದ ಅವಧಿ ಕಡಿಮೆಯಿರುವ ಓಪನ್ ಕ್ಲಾಸ್ ತಂಡವನ್ನೋ ಮೊದಲು ನೋಡಿರಿ. ನನ್ನ ಮಗಳಿಗೆ ಬೇಕಾಗಿದ್ದುದು ಎಲ್ಲಕ್ಕಿಂತ ಮೇಲಿನ ದರ್ಜೆಯಾದ ವರ್ಲ್ಡ್ ಕ್ಲಾಸ್. ಹದಿನಾರರ ಹಟದ ಮುಂದೆ ನಮ್ಮ ಸಲಹೆ ನಡೆಯಲಿಲ್ಲ.

ಸೆಪ್ಟೆಂಬರ್‌ನಲ್ಲಿ ನಾನು ನಮ್ಮ ಊರಿನ ಮಾಜಿ ಸೈನಿಕರ ಸಂಘದ ಕಟ್ಟಡಕ್ಕೆ ಹೋದೆ. ಅಲ್ಲಿನ ಗೋಡೆಯ ಮೇಲೆ, ಬಿಳಿ ಟೋಪಿ ತೊಟ್ಟ ಹುಡುಗರ ಸಾಲೊಂದು ಬ್ಯೂಗಲ್ ಹಿಡಿದು ನಿಂತ ಕಪ್ಪುಬಿಳುಪು ಚಿತ್ರವಿದೆ. ಎಂಬತ್ತು ದಾಟಿದ ಹಿರಿಯರೊಬ್ಬರು ಎರಡನೆಯ ಸಾಲಿನ ಒಂದು ಮುಖದ ಮೇಲೆ ಬೆರಳಿಟ್ಟು ಅದು ತಾವೇ ಎಂದರು. ಅವರು ಹೇಳಿದ ಸೇರ್ಪಡೆಯ ವಿಧಾನ ಇಷ್ಟೇ: ಒಂಬತ್ತನೆಯ ವಯಸ್ಸಿನಲ್ಲಿ ಅಣ್ಣನ ಹಿಂದೆ ಚರ್ಚಿನ ನೆಲಮಾಳಿಗೆಗೆ ಹೋದರು, ಒಬ್ಬರು ಕೈಗೆ ಬ್ಯೂಗಲ್ ಕೊಟ್ಟರು. ಮಂಗಳವಾರ ಮತ್ತು ಗುರುವಾರ ತಾಲೀಮು, ಭಾನುವಾರ ವಾಹನ ನಿಲ್ದಾಣದಲ್ಲಿ ಕವಾಯತು, ವಾರಕ್ಕೆ ಕಾಲು ಡಾಲರ್ ವಂತಿಗೆ. ಸ್ವರಲಿಪಿ ಯಾರಿಗೂ ಬರುತ್ತಿರಲಿಲ್ಲ. ಸೈನ್ಯದಲ್ಲಿ ಬ್ಯೂಗಲ್ ಊದಿದ್ದ ಒಬ್ಬರು ಬಾಯಿಪಾಠ ಮಾಡಿಸುತ್ತಿದ್ದರು. ಶನಿವಾರ ಪಕ್ಕದ ಊರಿನಲ್ಲಿ ಸ್ಪರ್ಧೆ, ರಾತ್ರಿ ಹನ್ನೊಂದಕ್ಕೆ ಮನೆ. ನಾನು ನಮ್ಮ ಮಗಳ ಅರ್ಜಿಯ ವಿಷಯ ಹೇಳಿದಾಗ ಅವರು ಶುಲ್ಕ ಎಷ್ಟೆಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ, ಚಿತ್ರದ ಕಡೆಗೆ ತಿರುಗಿ ಸುಮ್ಮನಾದರು.

ಅಕ್ಟೋಬರ್‌ನಲ್ಲಿ ಪ್ರಕ್ರಿಯೆ ಶುರುವಾಯಿತು. ನೋಂದಣಿಗೆ 150 ಡಾಲರ್ ಕಟ್ಟಿದ ಮೇಲೆ ಪರೀಕ್ಷೆಯ ಪಾಠಗಳ ಕಟ್ಟು ಬಂತು. ಶಾಲೆಯಲ್ಲಿ ಫ್ರೆಂಚ್ ಹಾರ್ನ್ ನುಡಿಸುವ ಮಗಳು ಇಲ್ಲಿ ಮೆಲೋಫೋನ್ ನುಡಿಸಬೇಕಿತ್ತು. ನಿಂತಲ್ಲೇ ನುಡಿಸಿದ ಒಂದು, ನಡೆಯುತ್ತಾ ನುಡಿಸಿದ ಒಂದು, ಹೀಗೆ ಎರಡು ವಿಡಿಯೊ ಕಳಿಸಬೇಕು; ನಡುವೆ ಕತ್ತರಿಸಿ ಜೋಡಿಸುವಂತಿಲ್ಲ. ನೆರೆಮನೆಯವರು ಎರಡು ಸಲ ದೂರು ಕೊಟ್ಟ ಮೇಲೆ ನಾವು ಕಾರಿನಲ್ಲಿ ಶಾಲೆಯ ಖಾಲಿ ಮೈದಾನಕ್ಕೆ ಹೋಗಿ ಚಿತ್ರೀಕರಿಸಿದೆವು. ವಿಡಿಯೊದಲ್ಲಿ ಪಾಸಾದ ಮೇಲೆ ನವೆಂಬರ್ ಕೊನೆಗೆ ಮೂರು ದಿನದ ಶಿಬಿರ, ಅದೂ ಮಧ್ಯಪಶ್ಚಿಮದ ರಾಜ್ಯವೊಂದರಲ್ಲಿ. ಮಕ್ಕಳು ಶಾಲೆಯ ಜಿಮ್‌ನ ನೆಲದ ಮೇಲೆ ಮಲಗುತ್ತಾರೆ. ಗಾಳಿ ತುಂಬುವ ಹಾಸಿಗೆ ಒಬ್ಬರಿಗಾಗುವಷ್ಟೇ ಇರಬೇಕು. ಅವಳದು ದೊಡ್ಡದಾಯಿತೆಂದು ವಾಪಸು ಮಡಿಸಿಸಿದ್ದರಿಂದ ಮೊದಲ ರಾತ್ರಿ ಬರಿಯ ಕಂಬಳಿಯ ಮೇಲೆ ಕಳೆಯಿತು.

ಶಿಬಿರದ ಕೊನೆಯ ದಿನ ಕೆಲವರಿಗೆ ಒಪ್ಪಂದಪತ್ರ ಸಿಕ್ಕಿತು, ಕೆಲವರಿಗೆ ಕ್ಷಮಿಸಿ ಎಂಬ ಮಾತು ಸಿಕ್ಕಿತು, ನಮ್ಮವಳಿಗೆ ‘ಮತ್ತೆ ಕರೆಯುತ್ತೇವೆ’ ಎಂಬುದು ಸಿಕ್ಕಿತು. ಈ ಮೂರನೆಯ ಉತ್ತರಕ್ಕೆ ನೀವು ಸಿದ್ಧರಾಗಿರಬೇಕು. ಏಳು ವಾರ ನಾವು ಆ ಒಂದು ಸಾಲಿನ ಸುತ್ತ ಬದುಕಿದೆವು. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಹಂಚಲು ಹೊರಟಾಗಲೂ ಅವಳ ಕಣ್ಣು ಫೋನಿನ ಮೇಲೆಯೇ ಇತ್ತು. ಒಪ್ಪಂದಪತ್ರ ಬಂದದ್ದು ಅದಾಗಿ ನಾಲ್ಕು ದಿನಕ್ಕೆ. ಸಹಿ ಮಾಡಿ ಮೊದಲ ಕಂತು ಕಟ್ಟಲು ಕೊಟ್ಟ ಗಡುವು ಎಪ್ಪತ್ತೆರಡು ಗಂಟೆ. ಗಾಯವಾಗಿ ಮಗು ಮಧ್ಯದಲ್ಲಿ ಮರಳಿದರೆ ಎಷ್ಟು ಹಣ ವಾಪಸು ಬರುತ್ತದೆ ಎಂಬುದನ್ನು ಸಹಿಗೆ ಮೊದಲೇ ಓದಿಕೊಳ್ಳಿ. ನಮ್ಮದರಲ್ಲಿ ಮೇ ತಿಂಗಳ ನಂತರ ಏನೂ ಬರುವುದಿಲ್ಲ ಎಂದಿತ್ತು.

ಕಾಗದಪತ್ರಗಳಲ್ಲಿ ಅತಿ ಹೆಚ್ಚು ಸತಾಯಿಸಿದ್ದು ವೈದ್ಯಕೀಯ ನಮೂನೆ. ಅದು ನಿಗದಿತ ದಿನಾಂಕದ ನಂತರದ ಪರೀಕ್ಷೆಯದ್ದೇ ಆಗಿರಬೇಕು. ನಾವು ಅಕ್ಟೋಬರ್‌ನಲ್ಲೇ ವಾರ್ಷಿಕ ತಪಾಸಣೆ ಮುಗಿಸಿದ್ದೆವು. ವಿಮೆಯವರು ವರ್ಷಕ್ಕೆ ಒಂದಕ್ಕೆ ಮಾತ್ರ ಹಣ ಕೊಡುವುದರಿಂದ ಎರಡನೆಯದನ್ನು 180 ಡಾಲರ್ ಕೈಯಿಂದ ಕೊಟ್ಟು ಮಾಡಿಸಬೇಕಾಯಿತು, ನಮೂನೆ ತುಂಬಲು ಮೇಲೆ 35. ತಪಾಸಣೆಯನ್ನು ಮಾರ್ಚ್‌ವರೆಗೆ ಮುಂದೂಡಿದ್ದರೆ ಈ ದಂಡ ತಪ್ಪುತ್ತಿತ್ತು. ಅಪ್ರಾಪ್ತ ವಯಸ್ಸಿನವರಿಗೆ ಚಿಕಿತ್ಸೆ ಕೊಡಿಸಲು ತಂದೆತಾಯಿ ಇಬ್ಬರೂ ನೋಟರಿಯ ಮುಂದೆ ಸಹಿ ಮಾಡಿದ ಒಪ್ಪಿಗೆಪತ್ರ ಬೇಕು. ನನ್ನ ಹೆಂಡತಿ ಆಗ ಮೈಸೂರಿನಲ್ಲಿ ಅತ್ತೆಯವರ ಶುಶ್ರೂಷೆಯಲ್ಲಿದ್ದುದರಿಂದ ಇದೊಂದಕ್ಕೇ ಮೂರು ವಾರ ಹಿಡಿಯಿತು. ಲಸಿಕೆಯ ದಾಖಲೆ, ವಿಮಾ ಕಾರ್ಡಿನ ಎರಡೂ ಬದಿ, ನಡತೆಯ ನಿಯಮಾವಳಿಗೆ ಸಹಿ ಇವು ಸುಲಭವಾದವು.

ನಿಜವಾದ ಕಗ್ಗಂಟು ಶಾಲೆಯದು. ತಂಡದ ವಸತಿ ತರಬೇತಿ ಮೇ ಕೊನೆಯ ವಾರ ಶುರುವಾಗುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಆ ಹೊತ್ತಿಗೆ ಶಾಲೆ ಮುಗಿದಿರುತ್ತದೆ. ನ್ಯೂಜೆರ್ಸಿಯಲ್ಲಿ ಜೂನ್ ಮೂರನೆಯ ವಾರದವರೆಗೂ ನಡೆಯುತ್ತದೆ. ನಾಲ್ಕು ವಾರದ ಗೈರುಹಾಜರಿಗೆ ಅನುಮತಿ ಕೇಳಿ ಫೆಬ್ರವರಿಯಲ್ಲಿ ಬರೆದ ಪತ್ರಕ್ಕೆ ಏಪ್ರಿಲ್‌ನಲ್ಲಿ ಇಲ್ಲ ಎಂಬ ಉತ್ತರ ಬಂತು. ತಂಡದಿಂದ ದಿನಚರಿಯ ಪತ್ರ ತರಿಸಿ, ಪ್ರತಿ ವಿಷಯದ ಶಿಕ್ಷಕರಿಂದ ಬೇರೆ ಬೇರೆಯಾಗಿ ಒಪ್ಪಿಗೆ ಪಡೆದು, ಅಂತಿಮ ಪರೀಕ್ಷೆಗಳನ್ನು ಮೇ ಮೂರನೆಯ ವಾರಕ್ಕೆ ಎಳೆಸಿಕೊಳ್ಳುವಷ್ಟರಲ್ಲಿ ನಾನು ಹೈರಾಣಾಗಿದ್ದೆ. ಆ ಅಲೆದಾಟದಲ್ಲೇ ಹಿರಿಯರ ಚಿತ್ರ ಮತ್ತೆ ನೆನಪಾದದ್ದು. ಆ ಹುಡುಗರೆಲ್ಲ ಒಂದೇ ಶಾಲೆಯವರು, ಹೆಚ್ಚೆಂದರೆ ಎರಡು ಶಾಲೆಯವರು. ಅವರ ಕೋರ್ ಮಕ್ಕಳ ಶಾಲೆಯ ಗಂಟೆಗೆ ತಕ್ಕಂತೆ ನಡೆಯುತ್ತಿತ್ತು. ನಮ್ಮದರಲ್ಲಿ ಮೂವತ್ತು ರಾಜ್ಯಗಳ ಶಾಲೆಗಳು ಕೋರ್‌ನ ಗಂಟೆಗೆ ತಕ್ಕಂತೆ ಬಗ್ಗಬೇಕು.

ಖರ್ಚಿನ ಲೆಕ್ಕ ಕೇಳುವವರಿಗೆ: ಸದಸ್ಯತ್ವದ ಶುಲ್ಕ ಶಿಬಿರಗಳೂ ಸೇರಿ 5,600 ಡಾಲರ್, ನೋಂದಣಿ 150, ಅವಳ ವಿಮಾನದ ಟಿಕೆಟ್‌ಗಳು 1,340, ಶೂ, ಕೈಗವಸು, ಊದುಬಾಯಿ 260, ವೈದ್ಯರಿಗೆ 215, ನಾವು ಹೋಗಿಬಂದ ಪ್ರಯಾಣ ಮತ್ತು ಹೋಟೆಲ್ 1,900. ಒಟ್ಟು ಒಂಬತ್ತೂವರೆ ಸಾವಿರಕ್ಕೆ ಹತ್ತಿರ. ಇದನ್ನು ರೂಪಾಯಿಗೆ ಪರಿವರ್ತಿಸಬೇಡಿ, ನಾನು ಮಾಡಿ ಒಂದು ರಾತ್ರಿಯ ನಿದ್ದೆ ಕಳೆದುಕೊಂಡೆ.

ಶುಲ್ಕದಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತದೆಂದು ಅಡುಗೆ ಲಾರಿಯ ಸ್ವಯಂಸೇವಕನಾಗಲು ಅರ್ಜಿ ಹಾಕಿದೆ. ಅದಕ್ಕೂ ಹಿನ್ನೆಲೆ ತನಿಖೆಯಿದೆ, ಮಕ್ಕಳ ಸುರಕ್ಷತೆಯ ತರಬೇತಿಯಿದೆ. ಹಳೆಯ ವಿಳಾಸಗಳನ್ನೆಲ್ಲ ಹೊಂದಿಸಿ ಅನುಮತಿ ಬರಲು ಐದು ವಾರ ಬೇಕಾಯಿತು. ಬೇಸರಪಟ್ಟುಕೊಳ್ಳದೆ ಮಾಡಿಸಿಕೊಳ್ಳಿ. ಜುಲೈ ಕೊನೆಯ ವಾರ ತಂಡ ಸ್ಯಾನ್ ಆಂಟೋನಿಯೊ ಮುಗಿಸಿ ಅಟ್ಲಾಂಟಾಕ್ಕೆ ಬಂದಾಗ ನಾನು ಲಾರಿ ಹತ್ತಿದೆ, ಆಲನ್‌ಟೌನ್‌ವರೆಗೆ ಎಂಟು ದಿನ. ದಿನಕ್ಕೆ ನಾಲ್ಕು ಊಟ, ಒಂದೊಂದಕ್ಕೂ ಇನ್ನೂರು ತಟ್ಟೆಯ ಸುಮಾರು. ರಾತ್ರಿ ಪ್ರದರ್ಶನ ಮುಗಿದ ಮೇಲೆ ಬಸ್ಸುಗಳು ಹೊರಟು ಬೆಳಗಿನ ಜಾವ ಮುಂದಿನ ಊರಿನ ಶಾಲೆ ಸೇರುತ್ತವೆ. ನಾವು ಅದಕ್ಕಿಂತ ಮುಂಚೆ ಸೇರಿ ಒಲೆ ಹೊತ್ತಿಸಿರಬೇಕು. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಮುಖ್ಯವಾಗಿ ಬೇಳೆಕಾಳಿನ ಸೂಪು ಮತ್ತು ಪಾಸ್ತಾ. ಒಂದು ದಿನ ನಿಂಬೆಹಣ್ಣಿನ ಚಿತ್ರಾನ್ನ ಮಾಡಿದೆ. ಡ್ರಮ್ ಬಾರಿಸುವ ಹುಡುಗರು ಮೂರು ಸಲ ಸಾಲಿನಲ್ಲಿ ಬಂದರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ, ಈರುಳ್ಳಿ ಹೆಚ್ಚುವ ಮೇಜಿನ ಬಳಿ. ನನ್ನ ಜೊತೆಗಿದ್ದ ಇಬ್ಬರೂ ಹಳೆಯ ಕೋರ್‌ಗಳವರು. ಒಬ್ಬರು ವಿಸ್ಕಾನ್ಸಿನ್‌ನ ರಸೀನ್‌ನವರು. ರಸೀನ್ ದೊಡ್ಡ ನಗರವೇನಲ್ಲ. ಆದರೂ ಬಾಯ್ಸ್ ಆಫ್ 76, ಕಿಲ್ಟೀಸ್, 1927ರಲ್ಲಿ ಶುರುವಾದ ಸ್ಕೌಟ್ಸ್ ಎಂದು ತಂಡದ ಮೇಲೆ ತಂಡ ಕಟ್ಟಿ, ತನ್ನನ್ನು ಜಗತ್ತಿನ ಡ್ರಮ್ ಕೋರ್ ರಾಜಧಾನಿ ಎಂದು ಕರೆದುಕೊಂಡ ಊರು. ಇನ್ನೊಬ್ಬರು ಬಾಸ್ಟನ್ ಬಳಿಯ ಮಹಿಳೆ, ಕ್ಯಾಥೊಲಿಕ್ ಯುವಜನ ಸಂಘಟನೆಯ ಚರ್ಚು ತಂಡದಲ್ಲಿ ಬಾವುಟ ಹಿಡಿದವರು. ಎಂಟು ದಿನವೂ ಇಬ್ಬರೂ ಜಗಳವಾಡಿದರು, ನಾನು ಕೇಳಿಸಿಕೊಂಡೆ.

ರಸೀನ್‌ನವರ ವಾದ ನೇರವಾಗಿತ್ತು. ಮೊದಲ ಮಹಾಯುದ್ಧ ಮುಗಿದಾಗ ಸೈನ್ಯದಲ್ಲಿ ಮಿಕ್ಕ ಬ್ಯೂಗಲ್ ಮತ್ತು ಡ್ರಮ್‌ಗಳನ್ನು ಮಾಜಿ ಸೈನಿಕರು ಊರಿಗೆ ತಂದರು. ಅಮೆರಿಕನ್ ಲೀಜನ್ ಮತ್ತು ಅಂಥದ್ದೇ ಇನ್ನೊಂದು ಮಾಜಿ ಸೈನಿಕರ ಸಂಘವಾದ ವಿಎಫ್‌ಡಬ್ಲ್ಯೂ ಶಾಖೆಗಳು ಮಕ್ಕಳ ಕೈಗೆ ಕೊಟ್ಟವು, ಸ್ಪರ್ಧೆಯ ನಿಯಮಗಳನ್ನೂ ತಾವೇ ಬರೆದವು. 1970ರ ಹೊತ್ತಿಗೆ ದೊಡ್ಡ ತಂಡಗಳ ನಿರ್ದೇಶಕರಿಗೆ ಆ ನಿಯಮ, ಆ ಬಹುಮಾನ ಎರಡೂ ಸಾಲದಾದವು. ಅವರು ಸಿಡಿದು ಹೋಗಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಕಟ್ಟಿದರು. 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆದಾಗ ಗೆದ್ದದ್ದು ಕ್ಯಾಲಿಫೋರ್ನಿಯಾದ ಅನಹೈಮ್‌ನ ಕಿಂಗ್ಸ್‌ಮೆನ್. ಅಂದಿನಿಂದ ಪಕ್ಕದ ಊರನ್ನು ಸೋಲಿಸಿದರೆ ಸಾಲದು, ದೇಶ ಸುತ್ತಬೇಕು ಎಂದಾಯಿತು. ಮರುವರ್ಷವೇ ತೈಲ ಬಿಕ್ಕಟ್ಟು ಬಂದು ಬಸ್ಸಿನ ಇಂಧನ ದುಬಾರಿಯಾಯಿತು. ಶನಿವಾರದ ಸಣ್ಣ ಸ್ಪರ್ಧೆಗಳಿಗೆ ದೊಡ್ಡ ತಂಡಗಳು ಬರುವುದು ನಿಂತಾಗ ಜನರೂ ಬರುವುದು ನಿಲ್ಲಿಸಿದರು, ಅದರೊಂದಿಗೆ ಸಣ್ಣ ತಂಡಗಳ ಟಿಕೆಟ್ ಹಣವೂ ಹೋಯಿತು.

ಬಾಸ್ಟನ್ನಿನವರು ಇದನ್ನು ಒಪ್ಪಲಿಲ್ಲ. ಯಾರೋ ಎದ್ದು ಹೋದದ್ದರಿಂದ ಸಾಯಲಿಲ್ಲ, ಹೊತ್ತು ನಿಂತವರ ಹೆಗಲು ಜಾರಿದ್ದರಿಂದ ಸತ್ತಿತು ಎಂದರು. ಚರ್ಚಿಗೆ ಬರುತ್ತಿದ್ದ ಕುಟುಂಬಗಳು ನಗರ ಬಿಟ್ಟು ಹೊರವಲಯಕ್ಕೆ ಹೋದವು, ಚರ್ಚಿನ ಶಾಲೆಗಳು ಮುಚ್ಚಿದವು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ ಸಮವಸ್ತ್ರ ತೊಟ್ಟು ಕವಾಯತು ಮಾಡುವುದು ಹುಡುಗರಿಗೆ ಹೆಮ್ಮೆಯಾಗಿ ಉಳಿಯಲಿಲ್ಲ, ಆ ಯುದ್ಧದಿಂದ ಮರಳಿದವರಲ್ಲಿ ಅನೇಕರು ಲೀಜನ್ನಿನ ಬಾಗಿಲು ತಟ್ಟಲಿಲ್ಲ. ತಮ್ಮ ತಂಡದ ಬಸ್ಸು ಓಡಿದ್ದು ವಾರಕ್ಕೊಂದು ರಾತ್ರಿ ನಡೆಸುತ್ತಿದ್ದ ಬಿಂಗೊ ಜೂಜಿನ ಹಣದಿಂದ. ಸರ್ಕಾರದ ಲಾಟರಿ ಬಂದ ಮೇಲೆ ಆ ಕುರ್ಚಿಗಳು ಖಾಲಿಯಾದವು ಎಂದರು. ನಮ್ಮ ಊರಿನ ಹಿರಿಯರೂ ಇದೇ ಮಾತನ್ನು 1978ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ತೆರೆದ ಮೊದಲ ಕ್ಯಾಸಿನೊದ ಬಗ್ಗೆ ಹೇಳಿದ್ದರು. ಬಾಸ್ಟನ್ ಪಕ್ಕದ ರಿವೀರ್‌ನ 27ನೆಯ ಲ್ಯಾನ್ಸರ್ಸ್ ತಂಡದವರು 1980ರ ಲೇಕ್ ಪ್ಲ್ಯಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನುಡಿಸಿ ಬಂದವರು. ಅವರೂ 1986ರಲ್ಲಿ ನಿಂತುಹೋದರು, ಚೆನ್ನಾಗಿ ನುಡಿಸಿದ ಮಾತ್ರಕ್ಕೆ ಡೀಸೆಲ್ ಬರುವುದಿಲ್ಲ ಎಂಬುದು ಬಾಸ್ಟನ್ನಿನವರ ತೀರ್ಪು. ನಾನು ಹಿನ್ನೆಲೆ ತನಿಖೆಯ ಐದು ವಾರಗಳ ಬಗ್ಗೆ ಗೊಣಗಿದಾಗ ಅವರು ಚಾಕು ಕೆಳಗಿಟ್ಟು, ತಮ್ಮ ಕಾಲದಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ಆ ದಿನಗಳ ಬಗ್ಗೆ ತಮಗೆ ಇಷ್ಟವಾಗದ್ದು ಅದೊಂದೇ ಎಂದರು. ಆಮೇಲೆ ನಾನು ಗೊಣಗಲಿಲ್ಲ.

ಇಬ್ಬರೂ ಒಪ್ಪಿದ್ದು ಶಾಲಾ ಬ್ಯಾಂಡ್‌ಗಳ ವಿಷಯವನ್ನು. ಕೋರ್‌ಗಳಲ್ಲಿ ಬೆಳೆದವರೇ ಸಂಗೀತದ ಶಿಕ್ಷಕರಾಗಿ ಶಾಲೆಗಳನ್ನು ಸೇರಿ, ಅದೇ ನಡಿಗೆ, ಅದೇ ಡ್ರಮ್ ಪಟ್ಟು, ಅದೇ ಬಾವುಟವನ್ನು ಅಲ್ಲಿ ಕಲಿಸಿದರು. 1976ರಲ್ಲಿ ಶಾಲಾ ಬ್ಯಾಂಡ್‌ಗಳ ಮೊದಲ ರಾಷ್ಟ್ರಮಟ್ಟದ ಸ್ಪರ್ಧೆ ನಡೆದದ್ದೂ ಅದೇ ವೈಟ್‌ವಾಟರ್‌ನಲ್ಲಿ. ಶಾಲೆಗೆ ಕಟ್ಟಡವಿದೆ, ತೆರಿಗೆಯ ಹಣವಿದೆ, ಹಳದಿ ಬಸ್ಸಿದೆ. ಚರ್ಚಿನ ನೆಲಮಾಳಿಗೆಗೆ ಯಾರು ಹೋಗುತ್ತಾರೆ? ನನ್ನ ಮಗಳಿಗೆ ಈ ಹುಚ್ಚು ಹಿಡಿಸಿದ ಅವಳ ಬ್ಯಾಂಡ್ ಶಿಕ್ಷಕರೂ ಹಿಂದೊಮ್ಮೆ ಕೋರ್‌ನಲ್ಲಿ ನುಡಿಸಿದವರೇ.

ಇಷ್ಟು ಕೇಳಿದ ಮೇಲೆ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಹಣ, ಇಂಧನ, ಚರ್ಚು, ಯುದ್ಧ ಎಲ್ಲವೂ ನಿಜ. ಆದರೆ ಊರಿನ ಕೋರ್‌ನ ಜೀವ ಇದ್ದದ್ದು, ಏನೂ ಬಾರದ ಮಗುವನ್ನು ಒಳಗೆ ಬಿಡುವುದರಲ್ಲಿ. ಬೆರಳಿನಿಂದ ಒತ್ತುವ ಕೀಲಿಗಳಿಲ್ಲದ (ವಾಲ್ವ್‌ಗಳಿಲ್ಲದ) ಬ್ಯೂಗಲ್‌ನಲ್ಲಿ ಬರುವ ಸ್ವರಗಳು ಕೆಲವೇ. ಅದು ಅಗ್ಗ, ಅದನ್ನು ಬಾಯಿಪಾಠದಿಂದ ಕಲಿಯಬಹುದು. 1977ರಲ್ಲಿ ಎರಡು ಕೀಲಿಗಳಿಗೆ, 1990ರಲ್ಲಿ ಮೂರಕ್ಕೆ, 2000ದಲ್ಲಿ ಯಾವುದೇ ಶ್ರುತಿಯ ಹಿತ್ತಾಳೆ ವಾದ್ಯಕ್ಕೆ, 2004ರಲ್ಲಿ ಧ್ವನಿವರ್ಧಕಕ್ಕೆ, 2009ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳಿಗೆ ಅನುಮತಿ ಸಿಕ್ಕಿತು. ಪ್ರತಿ ಬದಲಾವಣೆಯಿಂದ ಸಂಗೀತ ಶ್ರೀಮಂತವಾಯಿತು, ಇದರಲ್ಲಿ ಸುಳ್ಳಿಲ್ಲ. ಪ್ರತಿ ಬದಲಾವಣೆಗೂ ಹೊಸ ವಾದ್ಯಗಳ ಲಾರಿಯೊಂದನ್ನು ಕೊಳ್ಳಬೇಕಾಯಿತು. ಒಂದು ಕಾಲಕ್ಕೆ 128 ಇದ್ದ ಸದಸ್ಯರ ಮಿತಿ 150ನ್ನು ದಾಟಿದೆ. ಅಷ್ಟು ನುರಿತ ಮಕ್ಕಳು ಯಾವ ಒಂದು ಊರಿನಲ್ಲೂ ಸಿಗುವುದಿಲ್ಲ. ಆಯ್ಕೆ ಪರೀಕ್ಷೆ ಬಂದ ದಿನವೇ ತಂಡಕ್ಕೆ ಊರಿನ ಹಂಗು ತಪ್ಪಿತು. ಆ ಪರೀಕ್ಷೆಯಲ್ಲಿ ನನ್ನ ಮಗಳು ಪಾಸಾಗಲಿ ಎಂದು ದೇವರಿಗೆ ಹರಕೆ ಹೊತ್ತವನೂ ನಾನೇ.

ಆಗಸ್ಟ್ ರಾತ್ರಿಯ ಪ್ರದರ್ಶನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವಳ ಸಾಲು ನಮ್ಮ ಕಡೆಗೆ ತಿರುಗಿ ನುಡಿಸಿದಾಗ ಎದೆಯ ಮೂಳೆ ನಡುಗಿತು, ಹೆಂಡತಿ ನನ್ನ ಕೈ ಹಿಡಿದು ಉಗುರು ಊರಿದಳು. ಕೊಟ್ಟ ಹಣದ ನೆನಪು ಆ ಹನ್ನೆರಡು ನಿಮಿಷ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮಗಳನ್ನು ಮಾಜಿ ಸೈನಿಕರ ಸಂಘಕ್ಕೆ ಕರೆದುಕೊಂಡು ಹೋದೆ. ಹಿರಿಯರು ಮನೆಯಿಂದ ತಮ್ಮ ಹಳೆಯ ಬ್ಯೂಗಲ್ ತಂದಿದ್ದರು. ಅವಳು ಊದಿದಳು; ಐದು ಸ್ವರ ಬಂದವು, ಆರನೆಯದಕ್ಕೆ ಅವಳ ಬೆರಳುಗಳು ಇಲ್ಲದ ಕೀಲಿಗಳನ್ನು ಗಾಳಿಯಲ್ಲಿ ಒತ್ತಿದವು. ಅವರು ನಕ್ಕು, ತುಟಿಯಿಂದ ಹುಡುಕಬೇಕು, ಬೆರಳಿಂದಲ್ಲ, ಮಂಗಳವಾರ ಸಂಜೆ ಬಾ, ತೋರಿಸುತ್ತೇನೆ ಎಂದರು. ಅವಳು ಫೋನು ತೆಗೆದು ನೋಡಿದಳು. ಮಂಗಳವಾರ ಮತ್ತು ಗುರುವಾರ ಶಾಲಾ ಬ್ಯಾಂಡಿನ ತಾಲೀಮು, ಶನಿವಾರ ಅದರ ಸ್ಪರ್ಧೆ, ಭಾನುವಾರ ಮುಂದಿನ ವರ್ಷದ ಆಯ್ಕೆಗೆ ಕಳಿಸಬೇಕಾದ ವಿಡಿಯೊ.